ದಾನಮ್ಮ ಮತ್ತು ಇನ್ನೂರ ಹನ್ನೆರಡನೇ ಸೀಸೆ

ದಾನಮ್ಮನಿಗೆ ಕೂತಲ್ಲಿ ಕೂರಲು ಬರುವುದಿಲ್ಲ ಎನ್ನುವುದು ಬಿಟಿಎಂ ಲೇಔಟಿನ ಆ ಗಲ್ಲಿಗೆಲ್ಲ ಗೊತ್ತಿದ್ದ ಸಂಗತಿ. ಬೆಳಿಗ್ಗೆ ಎಂಟಕ್ಕೆ ಮನೆಗೆ ಬೀಗ ಹಾಕಿ ಬಸ್ ಸ್ಟಾಪಿನ ತನಕ ಹೋಗುವಳು. ಗ್ಯಾಸ್ ಆರಿಸಿದೆನೋ ಇಲ್ಲವೋ ಅನ್ನಿಸಿ ವಾಪಸು ಬರುವಳು. ಆರಿಸಿಯೇ ಇರುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಒಂದೇ ಒಂದು ದಿನವೂ ಆರಿಸದೆ ಹೋದದ್ದಿಲ್ಲ. ಆದರೂ ಬಂದು ನೋಡಬೇಕು, ರೆಗ್ಯುಲೇಟರನ್ನು ಮುಟ್ಟಬೇಕು, ಆಮೇಲೆ ಓಡಬೇಕು. ಗಂಡ ಕೊಟ್ರಪ್ಪ ಸಿಟಿ ಬಸ್ಸಿನ ಕಂಡಕ್ಟರು. "ನಮ್ಮ ಬಸ್ಸಾದ್ರೂ ಒಮ್ಮೆ ಡಿಪೋಕ್ಕ ಹೋಗಿ ನಿಲ್ತತಿ. ನೀ ಎಲ್ಲೂ ನಿಲ್ಲಂಗಿಲ್ಲ ನೋಡು," ಎಂದು ಅವನು ನಗುತ್ತಿದ್ದ. ನಗದೆ ಇನ್ನೇನು ಮಾಡುತ್ತಾನೆ, ಪಾಪ.

ಅವಳ ಊರು ಇಂಡಿ ತಾಲೂಕು. ಅಪ್ಪ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವರು. ಅವರು ಸೀಸೆ ತೊಳೆಯುವುದನ್ನು ನೋಡುತ್ತಲೇ ಅವಳು ಬಿ.ಎಸ್ಸಿ. ಮುಗಿಸಿದಳು. ತೊಂಬತ್ತಮೂರರಲ್ಲಿ ಮದುವೆಯಾಗಿ ಬೆಂಗಳೂರಿಗೆ ಬಂದಳು. ಜಯನಗರದ ಒಂದು ರಕ್ತಪರೀಕ್ಷೆಯ ಅಂಗಡಿಯಲ್ಲಿ ಏಳೆಂಟು ವರ್ಷ ಟ್ಯೂಬುಗಳಿಗೆ ಚೀಟಿ ಅಂಟಿಸಿದಳು. ಅಂಟಿಸಿದ್ದನ್ನು ಮತ್ತೆ ಓದುವುದು, ಓದಿದ್ದನ್ನು ಮತ್ತೆ ನೋಡುವುದು. ಜೊತೆಯವರು ರೇಗುತ್ತಿದ್ದರು. "ನಿಮ್ಮಿಂದ ಊಟಕ್ಕೆ ಲೇಟ್ ಆಗತ್ತೆ ಆಂಟಿ," ಅನ್ನುತ್ತಿದ್ದರು.

ಎರಡು ಸಾವಿರದ ಒಂದರಲ್ಲಿ ಜೆ.ಪಿ. ನಗರದಾಚೆ, ಪುಟ್ಟೇನಹಳ್ಳಿಯಲ್ಲಿ, ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಖಾಲಿಯಿದೆ ಎಂದು ಗೊತ್ತಾಗಿ ಹೋದಳು. ಕ್ಯಾನ್ಸರಿಗೆ ಔಷಧ ಹುಡುಕುವ ಕಂಪನಿ. ಹನ್ನೊಂದು ಜನ, ನಾಲ್ಕು ಕೋಣೆ. ಅಲ್ಲಿನ ವಿಜ್ಞಾನಿ ಹೇಮಶ್ರೀ, ಜಯನಗರದಲ್ಲೇ ಹುಟ್ಟಿ ಬೆಳೆದವಳು, ಡಾಕ್ಟರೇಟ್ ಆದವಳು, ದಾನಮ್ಮನಿಗಿಂತ ಎರಡು ವರ್ಷಕ್ಕೆ ದೊಡ್ಡವಳು. ಅವಳು ಹತ್ತು ನಿಮಿಷ ಪ್ರಶ್ನೆ ಕೇಳಿ, "ಆಯ್ತು, ತಿಳಿಸ್ತೀವಿ," ಎಂದು ಕಳಿಸಿದಳು. ದಾನಮ್ಮ ಮೆಟ್ಟಿಲು ಇಳಿದಳು, ಮತ್ತೆ ಹತ್ತಿ ಬಂದಳು.

"ಏನಾಯ್ತು?"

"ಏನಿಲ್ರೀ ಮೇಡಂ. ನೀರು ಕುಡದಿದ್ದೆ. ನಳಾ ಬಂದ್ ಮಾಡೀನೋ ಇಲ್ಲೋ ನೋಡಾಕ ಬಂದೆ."

ನಲ್ಲಿ ನಿಂತೇ ಇತ್ತು. ಹೇಮಶ್ರೀ ಅವಳ ಮುಖ ನೋಡಿ, "ನಾಳೆಯಿಂದ ಬನ್ನಿ," ಅಂದಳು. ಬೇರೆಯವರಿಗೆ ತಲೆನೋವಾಗಿದ್ದ ಆ ಸ್ವಭಾವ ಅವಳಿಗೆ ಬೇಕಾಗಿತ್ತು. ಯಾಕೆಂದರೆ ಅಲ್ಲಿ ಅವರು ಹಿಡಿಯಲು ಹೊರಟಿದ್ದು ಆರ್‌ಎನ್‌ಎ ಎಂಬ ಎಳೆಯನ್ನು. ಅಷ್ಟು ನಾಜೂಕಿನ ಪದಾರ್ಥ ಇನ್ನೊಂದಿಲ್ಲ. ಬರಿಗೈಯ ಬೆವರು ತಾಗಿದರೆ ಸಾಕು, ಕರಗಿ ನೀರಾಗಿಬಿಡುತ್ತದೆ. ಅದಕ್ಕೆಂದೇ ಸೀಸೆಗಳನ್ನು ಒಲೆಯಲ್ಲಿ ಗಂಟೆಗಟ್ಟಲೆ ಸುಡಬೇಕು, ನೀರನ್ನು ವಿಶೇಷವಾಗಿ ಶುದ್ಧ ಮಾಡಬೇಕು, ಗ್ಲೌಸನ್ನು ಗಂಟೆಗೊಮ್ಮೆ ಬದಲಿಸಬೇಕು. ದಾನಮ್ಮ ಬಂದ ಮೇಲೆ ಅಲ್ಲಿ ಎಳೆ ಕರಗುವುದು ನಿಂತಿತು. ಮೂರು ವರ್ಷದಲ್ಲಿ ಅವಳು ಸೀಸೆ ತೊಳೆಯುವವಳಾಗಿ ಉಳಿಯಲಿಲ್ಲ. ಪುಡಿ ತೂಗುವುದು, ಕರಗಿಸುವುದು, ಯಂತ್ರಕ್ಕೆ ಕೊಡುವುದು, ಎಲ್ಲ ಅವಳದೇ.

ಆ ಕಟ್ಟಡ ಪುಟ್ಟೇನಹಳ್ಳಿಯ ಗಂಗಾಧರಯ್ಯನವರದು. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಮೂರಂತಸ್ತು ಕಟ್ಟಿಸಿ, ಕೆಳಗೆ ಹಾರ್ಡ್‌ವೇರ್ ಅಂಗಡಿ, ನಡುವೆ ಈ ಕಂಪನಿ, ಮೇಲೆ ತಾವು. ಅವರ ಹೆಂಡತಿ ಲಕ್ಷ್ಮಿದೇವಮ್ಮನಿಗೆ ಅರವತ್ತರ ಮೇಲೆ. ಮಧ್ಯಾಹ್ನ ದಾನಮ್ಮ ಡಬ್ಬಿ ತೆಗೆದುಕೊಂಡು ಮೇಲೆ ಹೋಗುವಳು. ಇವಳ ಜೋಳದ ರೊಟ್ಟಿ ಅವರಿಗೆ, ಅವರ ಸೊಪ್ಪಿನ ಸಾರು ಇವಳಿಗೆ.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಲಕ್ಷ್ಮಿದೇವಮ್ಮನ ಎದೆಯಲ್ಲಿ ಗಂಟು ಕಾಣಿಸಿತು. ಆಗಸ್ಟಿನಲ್ಲಿ ಆಪರೇಷನ್ ಆಯಿತು. ಮೂರು ವಾರಕ್ಕೊಂದರಂತೆ ಆರು ಡ್ರಿಪ್ ಔಷಧಿ ಹಾಕಿಸಿಕೊಳ್ಳಬೇಕು ಎಂದರು ಡಾಕ್ಟರು. ಮೊದಲನೆಯದಕ್ಕೆ ಕೂದಲು ಹೋಯಿತು. ಎರಡನೆಯದಕ್ಕೆ ಬಾಯೆಲ್ಲ ಹುಣ್ಣು, ಒಂದು ತುತ್ತು ಇಳಿಯಲಿಲ್ಲ. "ಸುಡು ನೀರು ಕಣಮ್ಮಿ ಅದು. ವೈರಿಗೂ ಬ್ಯಾಡ," ಎಂದು ಆಕೆ ಅತ್ತರು. ಆಮೇಲೆ, "ನೀವು ಕೆಳಗೆ ಅದೇನೋ ಹುಡುಕ್ತಿದ್ದೀರಲ್ಲ, ಅದೆಂಥದ್ದು ಹೇಳು," ಅಂದರು.

ದಾನಮ್ಮ ಹೂಬತ್ತಿ ಹೊಸೆಯುತ್ತ ಹೇಳಿದಳು. "ನಮ್ಮ ಮೈಯಾಗ ಏನೇನ ತಯಾರಾಗ್ಬೇಕು ಅನ್ನೋದು ಒಂದು ದೊಡ್ಡ ಪುಸ್ತಕದಾಗ ಬರದದ್ರೀ ಅಮ್ಮಾರ. ಅದನ್ನ ನೋಡಿ ಬರಕೊಂಡ ಚೀಟಿ ಈ ಆರ್‌ಎನ್‌ಎ. ಗಂಟಿನ್ಯಾಗಿರೋ ಕಣಕ್ಕ ಬೆಳಿ ಬೆಳಿ ಅಂತ ಹೇಳೋ ಚೀಟೀನೂ ಇರ್ತಾವ. ಆ ಚೀಟಿ ಸುಮ್ನ ಉದ್ದಕ ಇರಂಗಿಲ್ಲ, ಜಡಿ ಹೆಣದ್ಹಂಗ ತನ್ನಷ್ಟಕ್ಕ ತಾನ ಮಡಚ್ಕೋತದ. ಆ ಮಡಿಕಿ ಒಳಗ ಸಣ್ಣ ಸಂದಿ ಇರ್ತದ. ಆ ಸಂದಿಗೆ ಸರಿಯಾಗಿ ಕೂಡೋ ಒಂದು ಪಿನ್ನು ಸಿಗಿಸಿದ್ರ ಚೀಟಿ ಓದಾಕ ಬರಂಗಿಲ್ಲ. ಗಂಟು ಬೆಳಿಯಂಗಿಲ್ಲ. ನಾವು ಆ ಪಿನ್ನು ಹುಡ್ಕಾಕತ್ತೀವ್ರಿ."

"ಸಿಕ್ಕಿದ್ರೆ ಕೂದ್ಲು ಹೋಗಕಿಲ್ವಾ?"

"ಗೊತ್ತಿಲ್ರೀ. ಸಿಕ್ಕ ಮ್ಯಾಲಿನ ಮಾತು."

ಆಗಿನ ಕಾಲಕ್ಕೆ ಔಷಧದವರೆಲ್ಲ ಪ್ರೋಟೀನಿನ ಬೆನ್ನು ಬಿದ್ದಿದ್ದರು. ಆರ್‌ಎನ್‌ಎ ಜಾರುವ ಎಳೆ, ಅದನ್ನು ಪುಟಾಣಿ ಅಣುವಿನಿಂದ ಹಿಡಿಯುತ್ತೇವೆ ಅನ್ನುವವರಿಗೆ ತಲೆ ಕೆಟ್ಟಿದೆ ಎಂದು ದೊಡ್ಡ ದೊಡ್ಡವರೇ ನಗುತ್ತಿದ್ದರು. ಹೇಮಶ್ರೀ ಹಟಕ್ಕೆ ಬಿದ್ದವಳಂತೆ ಹಿಡಿದಿದ್ದಳು. ಅವರ ಹತ್ತಿರ ಪಡ್ಡಿನ ಹಂಚಿನಂಥ ಪ್ಲಾಸ್ಟಿಕ್ ತಟ್ಟೆಗಳಿದ್ದವು, ಒಂದೊಂದರಲ್ಲೂ ತೊಂಬತ್ತಾರು ಪುಟ್ಟ ಗುಳಿಗಳಿದ್ದವು. ಪ್ರತಿ ಗುಳಿಗೂ ಎಳೆಯ ಒಂದು ಹನಿ, ಒಂದೊಂದು ಹೊಸ ಅಣುವಿನ ಒಂದು ಹನಿ. ಅಣು ಹೋಗಿ ಮಡಿಕೆಯಲ್ಲಿ ಸರಿಯಾಗಿ ಕೂತರೆ ಆ ಗುಳಿ ಹಸಿರಾಗಿ ಬೆಳಗಬೇಕು. ಯಂತ್ರ ಆ ಬೆಳಕನ್ನು ಅಳೆಯುತ್ತದೆ. ಇನ್ನೂರಕ್ಕೂ ಹೆಚ್ಚು ಅಣುಗಳಾದವು. ಒಂದೂ ಬೆಳಗಲಿಲ್ಲ.

ಆಯುಧಪೂಜೆ ಬಂತು. ಗಂಗಾಧರಯ್ಯ ಬೂದುಗುಂಬಳಕಾಯಿ ಹೊತ್ತು ತಾವೇ ಬಂದರು. ಲಕ್ಷ್ಮಿದೇವಮ್ಮ ತಲೆಗೆ ಸೆರಗು ಬಿಗಿದು ಕಟ್ಟಿಕೊಂಡು, ಕೊಂಬಿನಿಂದ ತಾವೇ ಕುಟ್ಟಿದ ಅರಿಶಿನವನ್ನು ಬಟ್ಟಲಲ್ಲಿ ಕಳಿಸಿದರು. ದಾನಮ್ಮನ ಉತ್ಸಾಹ ಕೇಳಬೇಕೆ! ಬೆಳಕು ಅಳೆಯುವ ಯಂತ್ರಕ್ಕೆ, ಫ್ರಿಜ್ಜಿಗೆ, ತಕ್ಕಡಿಗೆ ಮೂರು ಬೆರಳಿನ ವಿಭೂತಿ ಎಳೆದಳು. ಅರಿಶಿನ ಕಲಸಿ ಬೊಟ್ಟಿಟ್ಟು, ಮೇಲೆ ಕುಂಕುಮ ಇಟ್ಟಳು. ಕತ್ತರಿ, ಇಕ್ಕಳ, ಪುಡಿ ತೆಗೆಯುವ ಉದ್ದ ಹಿಡಿಯ ಸ್ಟೀಲ್ ಚಮಚ, ಒಂದನ್ನೂ ಬಿಡಲಿಲ್ಲ. ಪೂಜೆ ಮಾಡಿದ ಆಯುಧವನ್ನು ಆ ದಿನ ಮುಟ್ಟಬಾರದು, ಅದಕ್ಕೂ ಒಂದು ದಿನ ಬಿಡುವು. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಮಂಗಳಾರತಿ ಮುಗಿಯುವ ಹೊತ್ತಿಗೆ ಬೆಂಗಳೂರಿನದೇ ಒಂದು ಕಾಲೇಜಿನ ಮೇಷ್ಟ್ರು ತಯಾರಿಸಿದ್ದ ಎಂಟು ಹೊಸ ಪುಡಿಗಳು ಪಾರ್ಸೆಲಿನಲ್ಲಿ ಬಂದವು. ಹೇಮಶ್ರೀಗೆ ತಡೆಯಲಾಗಲಿಲ್ಲ. "ದಾನಮ್ಮ, ಇವತ್ತೇ ತೂಕ ಮಾಡಿ ಕರಗ್ಸಿ ಫ್ರಿಜ್‌ಗೆ ಹಾಕ್ಬಿಡಿ. ರಜಾ ಮುಗಿಸ್ಕೊಂಡು ಬಂದ ತಕ್ಷಣ ಓಡ್ಸೋಣ."

"ಇವತ್ತ ಅದನ್ನೆಲ್ಲ ಮುಟ್ಟಬಾರದ್ರೀ ಮೇಡಂ."

"ಅಯ್ಯೋ, ಐದು ನಿಮಿಷದ ಕೆಲಸ ಕಣ್ರೀ!"

ದಾನಮ್ಮ ಮುಟ್ಟಿದಳು. ಚಮಚವನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಮೊದಲ ಪುಡಿ ತೆಗೆದಳು. ಹಳದಿ ಪುಡಿ. ಇನ್ನೂರ ಹನ್ನೆರಡನೇ ನಂಬರು. ಒಂದೊಂದು ಪುಡಿಗೂ ಮತ್ತೆ ಒರೆಸಿ, ಎಂಟೂ ಮುಗಿಸಿ, ಬಸ್ ಹಿಡಿದಳು. ಅಷ್ಟೇ ನಡೆದದ್ದು.

ರಜೆ ಮುಗಿದು ಬಂದಾಗ ಆ ಎಂಟರಲ್ಲಿ ಇನ್ನೂರ ಹನ್ನೆರಡೊಂದೇ ಧಗಧಗ ಬೆಳಗಿತು.

ಹೇಮಶ್ರೀ ಕಿರುಚಿದಳು. ಮತ್ತೆ ಓಡಿಸಿದರು, ಮತ್ತೆ ಬೆಳಗಿತು. ಮೂರನೇ ಸಲವೂ ಬೆಳಗಿತು. ಹೇಮಶ್ರೀ ದಾನಮ್ಮನ ಎರಡೂ ಕೈ ಹಿಡಿದು ಕುಣಿದಳು. ಫಾರಿನ್ನಿನ ದೊಡ್ಡ ಕಂಪನಿಯೊಂದಕ್ಕೆ ಸುದ್ದಿ ಹೋಯಿತು. ಬಂದು ನೋಡುತ್ತೇವೆ ಎಂದು ಅವರ ಉತ್ತರವೂ ಬಂತು. ದಾನಮ್ಮ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಮೇಲೆ ಹೋದಳು.

"ಸಿಕ್ಕತ್ರೀ ಅಮ್ಮಾರ! ಪಿನ್ನು ಸಿಕ್ಕತ್ರೀ!"

ಸೀಸೆಯಲ್ಲಿ ಬೆಳಗಿದ್ದು ರೋಗಿಯ ಮೈಗೆ ಬರಲು ಹತ್ತು ಹನ್ನೆರಡು ವರ್ಷವಾದರೂ ಬೇಕು, ಅದೂ ಬಂದರೆ. ಇಲಿ, ಮೊಲ, ಆಮೇಲೆ ಮನುಷ್ಯರು. ಇದು ದಾನಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನೂ ಹೇಳಬೇಕು ಅಂತಲೇ ಇದ್ದಳು. ಆದರೆ ಲಕ್ಷ್ಮಿದೇವಮ್ಮನ ಮುಖ ಆಗಲೇ ಅರಳಿಬಿಟ್ಟಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡಳು. ಎಲ್ಲವನ್ನೂ ಮೂರು ಸಲ ನೋಡುವ ಹೆಂಗಸು ಆಡಿದ ಮಾತನ್ನು ಒಂದು ಸಲವೂ ತಿರುಗಿ ನೋಡಲಿಲ್ಲ.

ನವೆಂಬರಿನ ಒಂದು ಶುಕ್ರವಾರ. ಫಾರಿನ್ನಿನವರು ಸೋಮವಾರ ಬರುವವರಿದ್ದರು. ಮಧ್ಯಾಹ್ನ ದಾನಮ್ಮ ಮೇಲೆ ಹೋದಾಗ ಲಕ್ಷ್ಮಿದೇವಮ್ಮ ಅರಿಶಿನ ಕುಂಕುಮ ಕೊಟ್ಟರು. ಅವಳು ಸುಮ್ಮನೆ ಕೇಳಿದಳು. "ಮೂರನೇ ಡ್ರಿಪ್ಪು ಯಾವಾಗ್ರೀ ಅಮ್ಮಾರ?"

"ಹೋಗ್ನಿಲ್ಲ ಕಣಮ್ಮಿ. ಎರಡು ವಾರ ಆಯ್ತು."

"ಯಾಕ್ರೀ?"

"ನಿಮ್ಮದು ಸಿಕ್ತಲ್ಲ. ಇನ್ನ್ಯಾಕೆ ಆ ಸುಡು ನೀರು? ಡಾಕ್ಟ್ರು ಫೋನ್ ಮಾಡಿದ್ರು, ನಮ್ಮನೆಯವ್ರೂ ಬೈದ್ರು. ನಮ್ಮ ದಾನಮ್ಮನ ಔಷಧಿ ಬರ್ತದೆ, ಸುಮ್ಕಿರಿ ಅಂದೆ."

ದಾನಮ್ಮ ತಿನ್ನದೆಯೇ ಡಬ್ಬಿ ಮುಚ್ಚಿದಳು. ಕೆಳಗೆ ಬಂದವಳೇ, ಸೋಮವಾರಕ್ಕೆ ಬೇಕಾದ ಎಳೆ ಹಿಡಿದು ಕತ್ತಲೆ ಕೋಣೆ ಹೊಕ್ಕಳು. ಎಳೆ ಚೊಕ್ಕವಾಗಿದೆಯೇ ಎಂದು ನೋಡಲು ಅಲ್ಲಿ ಒಂದು ನೇರಳೆ ದೀಪವಿತ್ತು. ಮುಖಕ್ಕೆ ಕವಚ ಹಾಕಿ, ಗ್ಲೌಸ್ ಹಾಕಿ, ದೀಪ ಹಚ್ಚಿದಳು. ಗ್ಲೌಸಿನ ಅಂಚಿನಾಚೆ, ಅವಳ ಮಣಿಕಟ್ಟಿನ ಮೇಲೆ, ಲಕ್ಷ್ಮಿದೇವಮ್ಮ ಕೊಟ್ಟ ಅರಿಶಿನ ಒಂದಿಷ್ಟು ಮೆತ್ತಿತ್ತು. ಅದು ಹಸಿರು ಬೆರೆತ ಹಳದಿಯಾಗಿ ಧಗಧಗ ಬೆಳಗುತ್ತಿತ್ತು.

ಆ ಬೆಳಕನ್ನು ಅವಳು ಎಲ್ಲೋ ನೋಡಿದ್ದಳು. ಎಲ್ಲೋ ಏನು, ಮೂರು ವಾರದಿಂದ ಅದನ್ನೇ ನೋಡುತ್ತಿದ್ದಳು.

ಡ್ರಾಯರ್ ಎಳೆದು ಸ್ಟೀಲ್ ಚಮಚ ತಂದು ದೀಪದ ಕೆಳಗೆ ಹಿಡಿದಳು. ಹಿಡಿಯೂ ಬಟ್ಟಲೂ ಕೂಡುವ ಜಾಗದಲ್ಲಿ, ಹತ್ತಿ ತಲುಪದ ಸಂದಿಯಲ್ಲಿ, ಕೂದಲೆಳೆಯಷ್ಟು ಸಪೂರ ಗೆರೆ ಬೆಳಗಿತು. ಒಣಗಿದ ಅರಿಶಿನ. ಉಳಿದದ್ದು ಉದುರಿ ಮೊದಲ ಪುಡಿಗೇ ಸೇರಿದೆ. ಪುಡಿಯೂ ಹಳದಿ, ಯಾರಿಗೆ ಕಂಡೀತು? ಮೂರು ಸಲ ಓಡಿಸಿದ್ದೂ ಅದೇ ಸೀಸೆಯಿಂದ.

ಆ ಮಧ್ಯಾಹ್ನ ಅವಳು ಮೂರು ಸಲ ಹೇಮಶ್ರೀಯ ಬಾಗಿಲಿಗೆ ಹೋದಳು. ಹೇಮಶ್ರೀ ಫೋನಿನಲ್ಲಿ ನಗುತ್ತಿದ್ದಳು, ಕೈ ಸನ್ನೆಯಲ್ಲೇ ಆಮೇಲೆ ಅಂದಳು. ಮೂರು ಸಲವೂ ದಾನಮ್ಮ ವಾಪಸು ಬಂದು, ತೊಳೆದಿದ್ದ ಸೀಸೆಗಳನ್ನೇ ಮತ್ತೆ ತೊಳೆದಳು. ಹೇಳಿದರೆ ಕೆಲಸ ಹೋಗಬಹುದು. ಹೇಮಶ್ರೀಯ ಮೂರು ವರ್ಷದ ಹಟ ಮಣ್ಣಾಗಬಹುದು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ, ಮೇಲೆ ಕೂತಿರುವ ಮುದುಕಿ ಮಾತ್ರ ಬಾರದ ಔಷಧಿಗೆ ಕಾಯುತ್ತಲೇ ಇರುತ್ತಾಳೆ. ಇಷ್ಟೂ ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು, ಕೈ ಮಾತ್ರ ಸೀಸೆ ತೊಳೆಯುತ್ತಿತ್ತು. ಅವತ್ತು ಬಾಯಿ ಬಿಡಲಿಲ್ಲ. ಅದು ಅವಳ ತಪ್ಪೇ, ಇಲ್ಲ ಅನ್ನಲಾಗುವುದಿಲ್ಲ.

ಶನಿವಾರ ಬೆಳಿಗ್ಗೆ ಬೀಗ ಹಾಕಿ ಹೊರಟವಳು ಗ್ಯಾಸ್ ನೋಡಲು ವಾಪಸು ಬರಲಿಲ್ಲ. ಡ್ಯೂಟಿಗೆ ಹೊರಟು ಸ್ಟಾಪಿನಲ್ಲಿ ನಿಂತಿದ್ದ ಕೊಟ್ರಪ್ಪನಿಗೆ ಗಾಬರಿಯಾಯಿತು. "ಏ, ಇವತ್ತೇನ ಆರಾಮಿಲ್ಲೇನ?" ಎಂದು ಹಿಂದಿನಿಂದ ಕೂಗಿದ. ಅವಳು ತಿರುಗಿ ನೋಡಲಿಲ್ಲ.

ಹೇಮಶ್ರೀ ಬರುವ ಮೊದಲೇ ಬಾಗಿಲಲ್ಲಿ ನಿಂತಿದ್ದಳು.

"ಮೇಡಂ, ಇನ್ನೂರ ಹನ್ನೆರಡು ಸುಳ್ಳ ಅದ್ರೀ. ಅದು ಅರಿಶಿನ. ಪೂಜಿ ದಿನ ಚಮಚದಾಗ ಉಳದಿತ್ತು. ನನ್ನ ಕೈಲೇ ಬಿದ್ದದ."

ಹೇಮಶ್ರೀ ಮೊದಲು ನಕ್ಕಳು. ಆಮೇಲೆ ನಗು ನಿಂತಿತು. "ಏನ್ ಮಾತಾಡ್ತಿದ್ದೀರಾ ನೀವು? ಸೋಮವಾರ ಅವ್ರು ಬರ್ತಿದ್ದಾರೆ! ಈಗ ಹೇಳ್ತಿದ್ದೀರಲ್ಲ!"

"ನಿನ್ನಿ ತಿಳೀತ್ರೀ. ನಿನ್ನಿನೇ ಹೇಳ್ಬೇಕಿತ್ತು, ಧೈರ್ಯ ಆಗ್ಲಿಲ್ಲ. ಒಂದು ಕೆಲಸ ಮಾಡ್ರಿ. ಎಳಿ ಹಾಕಬ್ಯಾಡ್ರಿ. ಬರೇ ಇನ್ನೂರ ಹನ್ನೆರಡು ಒಂದು ಗುಳಿಗೆ, ಬರೇ ಅರಿಶಿನ ಇನ್ನೊಂದು ಗುಳಿಗೆ. ನೋಡೂಣ."

ಆರ್‌ಎನ್‌ಎ ಇಲ್ಲದ ಗುಳಿ ಬೆಳಗಬಾರದು. ಮಡಿಕೆಯೇ ಇಲ್ಲದ ಮೇಲೆ ಅಣು ಕೂರುವುದು ಎಲ್ಲಿ? ಹೇಮಶ್ರೀ ತಾನೇ ಹನಿ ಹಾಕಿ ಯಂತ್ರ ಒತ್ತಿದಳು. ಎರಡೂ ಗುಳಿ ಬೆಳಗಿದವು. ಅವಳು ಸ್ಕೂಟಿ ತೆಗೆದು, ಪುಡಿ ಮಾಡಿದ್ದ ಮೇಷ್ಟ್ರ ಹತ್ತಿರ ಹೋಗಿ, ಅವರಲ್ಲಿ ಉಳಿದಿದ್ದ ಒಂದಿಷ್ಟನ್ನು ತಂದಳು. ಹೊಸ ಚಮಚದಲ್ಲಿ ತೂಗಿದರು, ಎಳೆಯ ಜೊತೆ ಹಾಕಿದರು. ಗುಳಿ ಕಪ್ಪಗೆ ಕೂತಿತ್ತು.

ಹೇಮಶ್ರೀ ಸ್ಟೂಲಿನ ಮೇಲೆ ಕೂತಳು. ದಾನಮ್ಮ ಬೈಗುಳಕ್ಕೆ ಕಾದು ನಿಂತಳು.

"ಎಳೆ ಇಲ್ಲದೆ ಒಂದ್ಸಲ ಓಡಿಸ್ಬೇಕು ಅನ್ನೋದು ಕಾಲೇಜ್ ಹುಡುಗರಿಗೂ ಗೊತ್ತು," ಎಂದಳು ಹೇಮಶ್ರೀ. "ಮುಂದಿನ ವಾರ ಮಾಡೋಣ, ಮುಂದಿನ ವಾರ ಮಾಡೋಣ ಅಂತ ನಾನೇ ತಳ್ದೆ. ನಂಗೆ ಅದು ನಿಜ ಆಗ್ಬೇಕಿತ್ತು, ಅದಕ್ಕೇ." ಕಣ್ಣೊರೆಸಿಕೊಂಡಳು. "ಪೂಜೆ ದಿನ ಬೇಡ ಅಂದ್ರಿ ನೀವು. ಕೇಳ್ಬೇಕಿತ್ತು. ಸೋಮವಾರ ಅವ್ರಿಗೆ ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ. ಇನ್ನೂರ ಇಪ್ಪತ್ತನ್ನ ಯಾವಾಗ ಕರಗಿಸ್ತೀರಾ?"

ಅಷ್ಟೇ. ಕೆಲಸ ಹೋಗಲಿಲ್ಲ. ಆದರೂ ದಾನಮ್ಮನಿಗೆ ಹಗುರವಾಗಲಿಲ್ಲ. ಇನ್ನೊಂದು ಮಹಡಿ ಬಾಕಿಯಿತ್ತು.

ಲಕ್ಷ್ಮಿದೇವಮ್ಮ ಬಿಸಿಲಿಗೆ ಕೂತು ತೊಗರಿಬೇಳೆ ಕೇರುತ್ತಿದ್ದರು. ದಾನಮ್ಮ ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದಳು, ಚಮಚ, ಪೂಜೆ, ದೀಪ, ಗುಳಿ. ಕೇಳುತ್ತ ಕೇಳುತ್ತ ಆಕೆಯ ಮೊರ ನಿಂತಿತು. ಆಮೇಲೆ ಮುಖ ಅರಳಿತು.

"ಅಂದ್ರೆ ಬೆಳಗಿದ್ದು ನನ್ನ ಅರಿಶಿನ! ಹಂಗಾದ್ರೆ ಔಷಧಿ ಅದೇ ಅಲ್ವೇನಮ್ಮಿ? ಮನೇಲೇ ಡಬ್ಬಿ ತುಂಬ ಅದೆ!"

ಇದನ್ನು ದಾನಮ್ಮ ಎಣಿಸಿರಲಿಲ್ಲ. ಹೂಂ ಎಂದುಬಿಡುವುದು ಎಷ್ಟು ಸುಲಭ! ಮುದುಕಿ ಖುಷಿಯಾಗಿ ಹಾಲಿಗೆ ಅರಿಶಿನ ಹಾಕಿಕೊಂಡು ಕುಡಿಯುತ್ತ ಕೂರುತ್ತಾಳೆ. ಒಳಗೆ ಉಳಿದ ರೋಗ ತನ್ನ ಪಾಡಿಗೆ ತಾನು ಬೆಳೆಯುತ್ತದೆ.

"ಅಲ್ರೀ," ಎಂದಳು. "ಎಳಿ ಇದ್ರೂ ಅದು ಹೊಳೀತು, ಇಲ್ದಿದ್ರೂ ಹೊಳೀತು. ಏನನ್ನೂ ಹಿಡೀಲಿಲ್ಲ. ಹೊಳಿಯೋದು ಅದರ ಬಣ್ಣದ ಗುಣ. ಔಷಧ ಅಲ್ಲ. ನಮ್ಮ ಕಡೆ ಏನೂ ಇಲ್ರೀ ಅಮ್ಮಾರ. ಪಿನ್ನು ಸಿಕ್ಕಿಲ್ಲ."

ಲಕ್ಷ್ಮಿದೇವಮ್ಮ ಬೇಳೆಯೊಳಗಿನ ಒಂದು ಕಲ್ಲನ್ನು ಆಯ್ದು ಬಿಸಾಡಿದರು. "ಮತ್ತೆ ಸಿಕ್ತು ಅಂತ ಯಾಕೆ ಕುಣ್ಕೊಂಡು ಬಂದೆ?"

"ಸಿಕ್ಕದ ಅಂತನೇ ತಿಳಿದಿದ್ದೆ. ಖರೇ ಸಿಕ್ಕಿದ್ರೂ ನಿಮಗ ಬರೋದ್ರಾಗ ಹತ್ತು ಹನ್ನೆರಡು ವರ್ಷ ಆಗ್ತಿತ್ರೀ. ಅದನ್ನ ನಾ ಹೇಳ್ಲಿಲ್ಲ. ನಿಮ್ಮ ಮುಖ ನೋಡಿ ಹೇಳಾಕ ಆಗ್ಲಿಲ್ಲ."

"ಹತ್ತು ವರ್ಷ!" ಆಕೆ ಮೊರವನ್ನು ಪಕ್ಕಕ್ಕೆ ತಳ್ಳಿದರು, ಬೇಳೆ ಚೆಲ್ಲಿತು. "ಹೋಗು. ಕಣ್ಣೆದುರು ನಿಲ್ಬ್ಯಾಡ, ಹೋಗು."

ದಾನಮ್ಮ ಹೋಗಲಿಲ್ಲ. ಕೂತು, ಚೆಲ್ಲಿದ ಬೇಳೆಯನ್ನು ಒಂದೊಂದಾಗಿ ಆಯತೊಡಗಿದಳು. ಆಯುತ್ತ ಆಯುತ್ತ ಅತ್ತಳು. ಆಕೆಯೂ ಅತ್ತರು, ಇವಳ ಕಡೆಗೆ ಬೆನ್ನು ಮಾಡಿ. ಬೇಳೆಯೆಲ್ಲ ಮೊರಕ್ಕೆ ಬಂದ ಮೇಲೂ ದಾನಮ್ಮ ನೆಲ ತಡವುತ್ತಲೇ ಇದ್ದಳು. ಎಲ್ಲಾದರೂ ಒಂದು ಕಾಳು ಉಳಿದಿದ್ದರೆ?

"ಸಾಕು ಎದ್ದೇಳೆ," ಎಂದರು ಲಕ್ಷ್ಮಿದೇವಮ್ಮ, ಮೂಗೊರೆಸಿಕೊಂಡು. "ಸೋಮವಾರ ಆಸ್ಪತ್ರೆಗೆ ಹೋಗ್ತೀನಿ. ನಮ್ಮನೆಯವ್ರು ಬ್ಯಾಡ, ಅವ್ರು ನನಗಿಂತ ಮುಂಚೆ ಅಳ್ತಾರೆ. ನೀನು ಬರ್ಬೇಕು. ತಪ್ಪಿಸ್ದೋಳು ನೀನೇ, ಕರ್ಕೊಂಡು ಹೋಗೋಳೂ ನೀನೇ."

ಸೋಮವಾರ ಫಾರಿನ್ನಿನವರು ಪುಟ್ಟೇನಹಳ್ಳಿಯ ಮೆಟ್ಟಿಲು ಹತ್ತುವ ಹೊತ್ತಿಗೆ, ರಜೆ ಹಾಕಿದ್ದ ದಾನಮ್ಮ ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿದ್ದಳು. ಹದಿನಾರು ಮಂಚ, ಹದಿನಾರು ಬಾಟಲಿ. ನರ್ಸು ಬಂದು ಲಕ್ಷ್ಮಿದೇವಮ್ಮನ ಕೈಗೆ ಸೂಜಿ ಚುಚ್ಚಿ, ಬಾಟಲಿ ನೇತುಹಾಕಿ ಹೋದಳು. ದಾನಮ್ಮ ಎದ್ದು ಬಾಟಲಿಯ ಚೀಟಿ ಓದಿದಳು. ಹೆಸರು, ವಯಸ್ಸು, ನಂಬರು. ಬಂದು ಕೂತಳು. ಎದ್ದು ಮತ್ತೆ ಓದಿದಳು. ಪಕ್ಕದ ಮಂಚದವರು ನೋಡಿದರು. ಅವಳಿಗೆ ನಾಚಿಕೆಯಾಯಿತು. ಸುಮ್ಮನೆ ಕೂರೋಣ ಎಂದು ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಳು.

ಮೊದಲ ಹನಿಗಳು ಇಳಿಯತೊಡಗಿದವು. ಲಕ್ಷ್ಮಿದೇವಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು.

"ದಾನಮ್ಮ," ಎಂದರು, ಕಣ್ಣು ತೆರೆಯದೆ.

"ಏನ್ರೀ ಅಮ್ಮಾರ?"

"ಎದ್ದು ಇನ್ನೊಂದ್ಸಲ ನೋಡ್ಬಾ. ಅದು ನನ್ನದೇನಾ?"